ಬಾಕಿ ಚಿಲ್ಲರೆ

ಮತ್ತೀಕೆರೆಯಲ್ಲಿ, ಮಿಕ್ಸಿ ರಿಪೇರಿ ಅಂಗಡಿಯ ಮೇಲೆ ನನ್ನ ಕೋಣೆ.
ಮೆಟ್ಟಿಲು ಹತ್ತುವಾಗಲೇ ಕೆಳಗೆ ಯಾರದೋ ಜಾರು ಗರ್ರೆನ್ನುತ್ತದೆ,
ಮಕ್ಕಳು ನಗುತ್ತಾರೆ, ದೊಡ್ಡವರು ಕಿವಿ ಮುಚ್ಚುತ್ತಾರೆ.
ಚಿರಂತ ಎರಡನ್ನೂ ಮಾಡಲಿಲ್ಲ.

ಏಳು ವರ್ಷ. ಶಾಲೆಯಲ್ಲಿ ಬಾಯಿ ಬಿಟ್ಟು ಹತ್ತು ತಿಂಗಳು.
"ನಂಜೊತೆ ಮಾತಾಡ್ತಾನೆ ಮೇಡಂ, ಪಿಸುಪಿಸು,"
ಎಂದರು ಮಂಗಳಗೌರಿ, ಗಾರ್ಮೆಂಟ್ಸಿನ ಗುರುತುಚೀಟಿ ಇನ್ನೂ ಕೊರಳಲ್ಲಿ.
"ಅವರಪ್ಪ ಇದ್ರೆ ಅದೂ ಇಲ್ಲ."
ಅವರಪ್ಪ ಬಂದಿರಲಿಲ್ಲ. ಡ್ಯೂಟಿ.

ಮರದ ತಟ್ಟೆಯ ತುಂಬ ಮರಳು,
ಹಳೆ ಮನೆ ಕೆಡವುತ್ತಿದ್ದವರಲ್ಲಿ ಬೇಡಿ ತಂದು
ಮೂರು ಸಲ ತೊಳೆದು ಒಣಗಿಸಿದ್ದು.
ಬುಟ್ಟಿಯಲ್ಲಿ ಹುಲಿ, ಅಜ್ಜಿ, ಡೈನೊಸಾರು, ಒಂಟಿ ಚಪ್ಪಲಿ.
ಅವನು ನೀಲಿ ಬಸ್ಸನ್ನೆತ್ತಿಕೊಂಡ. ಹೂತ.
ಮೇಲೆ ಅಂಗೈಯಲ್ಲಿ ತಟ್ಟಿ ತಟ್ಟಿ, ರೊಟ್ಟಿಯ ಹಾಗೆ, ನುಣುಪು ಮಾಡಿದ.
ಮುಂದಿನ ಬುಧವಾರವೂ. ಅದರ ಮುಂದಿನದೂ.

ಅಗೆದು ತೆಗೆಯಬೇಕು ಅನ್ನಿಸುತ್ತದೆ ಕೈಗೆ.
ಇಪ್ಪತ್ತು ವರ್ಷವಾದರೂ ಅನ್ನಿಸುತ್ತದೆ.
ಕೈಗಳನ್ನು ತೊಡೆಯ ಕೆಳಗಿಟ್ಟು ಕೂತೆ.
ಹೂತದ್ದರ ಪಕ್ಕ ಸುಮ್ಮನೆ ಕೂರುವುದಕ್ಕೆ ಫೀಸು ಕೊಡುತ್ತಾರೆಂದರೆ
ನನ್ನಮ್ಮ ಇವತ್ತಿಗೂ ನಂಬುವುದಿಲ್ಲ.
ನಾಲ್ಕನೇ ವಾರ ನಾನೂ ಒಂದು ಕಡ್ಡಿ ನೆಟ್ಟೆ, ದೂರದ ಮೂಲೆಗೆ.
ನೋಡಿದ. ಕಿತ್ತ. ತನ್ನ ಬಸ್ಸಿನ ನೆತ್ತಿಯ ಮೇಲೆ ನೆಟ್ಟ.
ಸ್ಟಾಪಿನ ಕಂಬ, ಅಂದುಕೊಂಡೆ.
ಅನ್ನಲಿಲ್ಲ.

ಆರನೇ ವಾರ ದೊರೆಸ್ವಾಮಿ ಬಂದರು, ಖಾಕಿಯಲ್ಲೇ,
ಇಳಿಯುವ ಸ್ಟಾಪು ಹತ್ತಿರ ಬಂದವರಂತೆ ಕುರ್ಚಿಯಂಚಿನಲ್ಲಿ ಕೂತರು.
"ಆಟ ಆಡ್ಸಿದ್ರೆ ಮಾತು ಬರುತ್ತಾ ಮೇಡಂ?"
ಗೊತ್ತಿಲ್ಲ ಎಂದೆ.
ಅದು ಹಿಡಿಸಿತೇನೋ, ಸ್ವಲ್ಪ ಹಿಂದಕ್ಕೆ ಒರಗಿದರು.
ಆಮೇಲೆ ನೆಲಕ್ಕೆ ಹೇಳಿದರು:
ಚೀಲದಲ್ಲಿ ದುಡ್ಡು ಕಮ್ಮಿ ಬಂದ ರಾತ್ರಿ ಅದು.
ಇವನು ಬಾಗಿಲಲ್ಲೇ ಏನೋ ಶಾಲೆಯ ಕತೆ ತೆಗೆದ.
"ಬಾಯ್ಮುಚ್ಚು ಅಂದೆ.
ಮುಚ್ಚೇಬಿಟ್ಟ."

ಕುರ್ಚಿಗಳನ್ನು ಒಂದರ ಹಿಂದೊಂದು ಇಟ್ಟು
ಇದು ಬಸ್ಸು, ಎಂದೆ. ಅಷ್ಟೇ.
ಎಷ್ಟೋ ಹೊತ್ತು ಯಾರೂ ಹತ್ತಲಿಲ್ಲ.
ಆಮೇಲೆ ಚಿರಂತ ಕ್ಯಾಲೆಂಡರಿನ ಹಾಳೆ ಹರಿದ, ಪಟ್ಟಿಪಟ್ಟಿಯಾಗಿ,
ಅಪ್ಪನ ಕಿವಿಯ ಸಂದಿಯಿಂದ ಪೆನ್ನು ಎಳೆದುಕೊಂಡ,
ಅವರೆದುರು ನಿಂತು ಕೈ ಚಾಚಿದ.
ದೊರೆಸ್ವಾಮಿ ಜೇಬು ತಡಕಿದರು. ಐವತ್ತರ ನೋಟು.

ನೋಟು ನೋಡಿದ. ಅಪ್ಪನನ್ನು ನೋಡಿದ.
"ಚಿಲ್ಲರೆ ಕೊಡ್ರೀ! ಬೆಳಗ್ಗೆ ಬೆಳಗ್ಗೇನೇ ಐವತ್ತು ಕೊಟ್ರೆ
ನಾನೆಲ್ಲಿಗೆ ಹೋಗ್ಲಿ?"

ಕೆಳಗೆ ಮಿಕ್ಸಿ ನಿಂತಿತ್ತು, ಅಥವಾ ನನಗೆ ಕೇಳಿಸಲಿಲ್ಲ.
ಮಂಗಳಗೌರಿ ಸೆರಗು ಬಾಯಿಗೊತ್ತಿಕೊಂಡರು, ನಗುವೋ ಏನೋ.
ಖಾಕಿಯ ಪ್ರಯಾಣಿಕ ಗದರಲಿಲ್ಲ.
"ಇಲ್ಲ ಸಾರ್," ಎಂದರು ಮಗನಿಗೆ. "ಇದೇ ಇರೋದು."
ಅವನು ಚೀಟಿಯ ಬೆನ್ನಿಗೆ 40 ಎಂದು ಗೀಚಿ, ಸುತ್ತು ಹಾಕಿ ಕೊಟ್ಟ.
"ಇಳಿಯುವಾಗ ಇಸ್ಕೊಳ್ಳಿ."

ನನ್ನ ಫೈಲಿನಲ್ಲಿ ಪ್ರಗತಿ ಎಂಬ ಕಾಲಮ್ಮಿದೆ. ಶಾಲೆಯವರು ಕೇಳುತ್ತಾರೆ.
ಏನು ಬರೆಯಲಿ, ಮುಂದಿನ ವಾರ ಮತ್ತೆ ತುಟಿ ಹೊಲಿದುಕೊಂಡೇ ಬಂದ,
ಮತ್ತೆ ಬಸ್ಸು ಹೂತ.
ಈ ಸಲ ಹಿಂದಿನ ಕಿಟಕಿ ಮಾತ್ರ ಹೊರಗೆ.

ಬಾಗಿಲಲ್ಲಿ ದೊರೆಸ್ವಾಮಿ, ರಜೆ ಹಾಕಿ, ಮನೆ ಬಟ್ಟೆಯಲ್ಲಿ.
ನಾಲ್ಕು ಮಡಿಕೆಯ ಚೀಟಿ ತೆಗೆದು ತೋರಿಸಿದರು:
"ಸಾರ್, ನನ್ನ ನಲವತ್ತು?"

ಚಿರಂತ ತಲೆಯೆತ್ತಲಿಲ್ಲ.
ಮರಳಿನ ಕೈಯಲ್ಲೇ ಸನ್ನೆ ಮಾಡಿದ,
ಒಳಗೆ ಹೋಗಿ, ಒಳಗೆ.