ಅರ್ಧ ಗಂಟೆ

ಮೋಯಿ ನದಿಗೆ ದಡವೂ ಎರಡು, ಹೊತ್ತೂ ಎರಡು.
ಆಚೆ ಮ್ಯಾವಡ್ಡಿಯಲ್ಲಿ ಐದೂವರೆ ಹೊಡೆದಾಗ
ಈಚೆ ಮೇ ಸೋಟ್‌ನಲ್ಲಿ ಆರು.
ನಡುವಿನ ಅರ್ಧ ಗಂಟೆ ಯಾರು ನುಂಗಿದರೆಂದು
ಲಾರಿ ಟ್ಯೂಬಿನ ಮೇಲೆ ಕೂತು ದಾಟಿದ ದಿನ
ನಾನು ಕೇಳಲಿಲ್ಲ.
ಬಟ್ಟೆಗಂಟು ಒದ್ದೆಯಾಗದ ಹಾಗೆ ಎತ್ತಿ ಹಿಡಿಯುವುದೇ
ಆಗಿನ ದೊಡ್ಡ ಚಿಂತೆ.

ತಿಡಾ ನ್ವೇ ಮಾತ್ರ ಮುಳ್ಳು ತಿರುಗಿಸಲಿಲ್ಲ.
ಅವಳವ್ವನ ಕೈಗಡಿಯಾರ, ಗಾಜು ಸೀಳಿದ್ದು,
ಪಟ್ಟಿ ಹರಿದು ಕಾಲರಿನ ಚೂರು ಕಟ್ಟಿದ್ದು.
'ಕೈ ಅವರದಾಗಿದೆ, ಮಣಿಕಟ್ಟಾದರೂ ನಮ್ಮೂರಲ್ಲಿರಲಿ' ಅಂದಳು.
ಲೈನಿಗೆ ಲೈನೇ ನಕ್ಕಿತು.

ನಾವು ಹೊಲಿಯುವುದು ಜೇಬು.
ಯಾವುದೋ ದೇಶದಲ್ಲಿ ಬೆಳಗಾಗೆದ್ದು ಸುಮ್ಮನೆ ಓಡುವವರ ಚಡ್ಡಿಗೆ
ಒಂದೇ ಒಂದು ಬೀಗದ ಕೈ ಹಿಡಿಸುವಷ್ಟು ಜೇಬು.
ದಿನಕ್ಕೆ ಏಳುನೂರೈವತ್ತು.
ನಮ್ಮ ಲುಂಗಿಗೆ ಜೇಬಿಲ್ಲ,
ಬೀಗ ಹಾಕುವ ಬಾಗಿಲೂ ಇಲ್ಲ.

ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಎರಡು.
ತಪಾಸಣೆಯವರು ಬಂದಾಗ ತೆರೆಯುವ ನೀಲಿ ರಟ್ಟಿನದರಲ್ಲಿ
ನಾನು ಐದಕ್ಕೆ ಮನೆಗೆ ಹೋಗುತ್ತೇನೆ,
ಭಾನುವಾರ ಮಲಗುತ್ತೇನೆ,
ಪೂರ್ತಿ ಕೂಲಿಗೆ ರುಜು ಹಾಕುತ್ತೇನೆ.
ಆ ಪುಸ್ತಕದ ನನ್ನನ್ನು ಕಂಡರೆ
ನನಗೆ ಹೊಟ್ಟೆಕಿಚ್ಚು.

ಮೂರನೆಯ ಪುಸ್ತಕ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ.
ದಾರದ ಉಂಡೆಯ ಲೇಬಲ್ಲುಗಳ ಬೆನ್ನಿನಲ್ಲಿ
ಹನ್ನೊಂದು ತಿಂಗಳು ಬರೆದಿದ್ದಳು ತಿಡಾ ನ್ವೇ:
ಒಳಗೆ ಏಳೂವರೆ. ಹೊರಗೆ ಹತ್ತೂವರೆ.
ಒಳಗೆ ಏಳೂವರೆ. ಹೊರಗೆ ಒಂದು ಕಾಲು, ಸೂಜಿ ಉಗುರಿಗೆ.
ಒಳಗೆ ಏಳೂವರೆ.

ಕಾರ್ಮಿಕ ಕಚೇರಿಯಲ್ಲಿ ಫ್ಯಾನು ತಿರುಗಿ
ಆ ಚೂರುಗಳೆಲ್ಲ ಹಾರಿದವು. ನಾಲ್ವರು ಬಗ್ಗಿ ಹೆಕ್ಕಿದೆವು.
ಕಂಪನಿಯ ವಕೀಲ ಕೂತೇ ನಕ್ಕ:
'ಗೇಟು ತೆರೆಯುವುದೇ ಎಂಟಕ್ಕೆ. ಈಕೆ ಏಳೂವರೆಗೆ
ಒಳಗೆ ಹೇಗೆ ಬಂದಳು? ಗೋಡೆ ಹಾರಿಯೋ?'

'ಗೋಡೆಯಲ್ಲ, ನದಿ' ಅಂದಳು.
ಮಣಿಕಟ್ಟು ಮೇಜಿನ ಮೇಲಿಟ್ಟಳು.
'ಪ್ರತಿ ಸಾಲಿನಲ್ಲೂ ಅರ್ಧ ಗಂಟೆ ತಪ್ಪು.
ಎಣಿಸಿ ನೋಡಿ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.
ಸುಳ್ಳಿಗೆ ಇಷ್ಟು ಶಿಸ್ತು ಇರುತ್ತದಾ?'
ದುಭಾಷಿ ಅದನ್ನು ಥಾಯ್‌ಗೆ ದಾಟಿಸುವಾಗ
ನಡುವೆ ಒಮ್ಮೆ ನೀರು ಕುಡಿದ.

ಕೊಟ್ಟರು. ಬಾಕಿಯ ಮೂರನೇ ಒಂದು ಭಾಗ,
ಲಕೋಟೆಯಲ್ಲಿ, ಇನ್ನು ತಕರಾರಿಲ್ಲ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು.
ಅವಳ ಫೋಟೋ ಈಗ ಊರಿನ ಎಲ್ಲ ಗೇಟುಗಳ ಒಳಗೋಡೆಯಲ್ಲಿದೆ.
ಜೋಳದ ಹೊಲದಲ್ಲಿ ತೆನೆ ಮುರಿಯುತ್ತಾಳಂತೆ,
ಅಲ್ಲಿ ಗಂಟೆಯ ಲೆಕ್ಕವಿಲ್ಲ, ಮೂಟೆಯ ಲೆಕ್ಕ.

ಗಡಿ ಯಾರದೋ, ಗಡಿಯಾರ ಯಾರದೋ,
ಹೊತ್ತು ಮಾತ್ರ ನಾವೇ ಹೊತ್ತದ್ದು.

ನಮ್ಮ ಕೋಣೆ ನದಿಗೆ ಹತ್ತಿರ.
ಕೆಲವು ರಾತ್ರಿ ನನ್ನ ಫೋನು ತಾನಾಗಿಯೇ
ಆ ದಡದ ಟವರು ಹಿಡಿದು ಅರ್ಧ ಗಂಟೆ ಹಿಂದೆ ಸರಿಯುತ್ತದೆ.
ನಾನು ಸರಿಮಾಡಲು ಹೋಗುವುದಿಲ್ಲ. ಮಗ್ಗುಲು ಬದಲಿಸುತ್ತೇನೆ.
ಬೆಳಿಗ್ಗೆ ಗೇಟಿನಲ್ಲಿ ತಡವೆಂದು ದಂಡ ಬರೆಯುತ್ತಾರೆ.

ನಾನೂ ಬರೆದುಕೊಳ್ಳುತ್ತೇನೆ.