ಬೀಟೆಯ ಕಣ್ಣು
(ಹುಲಿಕಲ್ ಘಟ್ಟದ ಸುಂಕದಕಟ್ಟೆಯಲ್ಲಿ)

ಬರೆದುಕೊಳ್ಳಿ ಶಾನುಭೋಗರೆ: ಉಳಿ ಎರಡು, ಬೈರಿಗೆ ಒಂದು,
ಖರ್ಜೂರ ಅರ್ಧ ಸೇರು, ಇರುವೆ ಹತ್ತಿದ್ದು.
ಮತ್ತೆ ಈ ಗಂಟಿನಲ್ಲಿ, ಬಿಚ್ಚುತ್ತೇನೆ ತಾಳಿ,
ಒಂದು ಕಣ್ಣು.

ಮರದ್ದು. ಬೀಟೆ.
ಈ ಗುಡ್ಡದ ಹಿಂದಿನ ಕಾಡಿನ ಮರ,
ನನ್ನ ಕೀಸುಳಿಯ ಹಿಡಿಯಾಗಿತ್ತು ಮೊದಲು.
ನಡುವಿನ ಬೊಟ್ಟಿಗೆ ಮುತ್ತಿನ ಚಿಪ್ಪು ಕೂರಿಸಿದೆ.
ಹನ್ನೊಂದು ವರ್ಷ ಇದು ಇದ್ದದ್ದು
ಶಾಹೀನ್ ಬಿನ್ ಮತರನ ಎಡಗಣ್ಣಿನ ಗುಳಿಯಲ್ಲಿ.

ಹೆಸರು ಕೇಳಿರುತ್ತೀರಿ.
ಬಸರೂರಿನ ಸೆಟ್ಟರು ಆ ಹೆಸರು ಹೇಳಿಯೇ
ಅಕ್ಕಿಗೆ ಎರಡು ಹಣ ಏರಿಸುತ್ತಿದ್ದರು,
ಹಡಗು ಬಾರದಿದ್ದರೂ, ಬಂದರೂ.

ಹುಟ್ಟಿದ್ದು ಕುದುರೆ ಲಾಯದಲ್ಲಿ;
ಯಾರದೋ ಕುದುರೆ, ಯಾರದೋ ಲಾಯ.
ಏಳಕ್ಕೇ ಮುತ್ತಿಗಾಗಿ ಮುಳುಗಿದ,
ಮೂಗಿಗೆ ಕೊಂಬಿನ ಚಿಮಟ, ಕಾಲಿಗೆ ಕಲ್ಲು.
ತೆಗೆದದ್ದೆಲ್ಲ ಅಪ್ಪನ ಸಾಲಕ್ಕೆ.
ಒಂದು ದಿನ ಕಾಲಿನ ಕಲ್ಲು ಬಿಚ್ಚಿ
ದೋಣಿಯ ಯಜಮಾನನ ತಲೆಗೆ ಹಾಕಿದ.
ಅಲ್ಲಿಗೆ ಮುಳುಗುವುದು ಮುಗಿಯಿತು,
ಮುಳುಗಿಸುವುದು ಶುರುವಾಯಿತು.

ಕಣ್ಣು ಹೋದ ಕತೆಯನ್ನು ಮೂರು ಥರ ಹೇಳುತ್ತಿದ್ದ.
ಮೂರರಲ್ಲೂ ತಮ್ಮನೊಬ್ಬ ಬರುತ್ತಿದ್ದ.
ಮುಗಿಯುವ ಹೊತ್ತಿಗೆ
ತಮ್ಮ ಇರುತ್ತಿರಲಿಲ್ಲ.

ನಾನು ಸಾಗುವಾನಿ ಹಲಗೆಯ ಜೊತೆ ಘಟ್ಟ ಇಳಿದವನು,
ಮಸ್ಕತ್ತಿನಲ್ಲಿ ಬಡಗಿಗೆ ಕೂಲಿ ಹೆಚ್ಚೆಂದು.
ಮೂರನೆಯ ರಾತ್ರಿ ಕೊಕ್ಕೆಗಳು ಬಿದ್ದವು.
ನಮ್ಮ ತಂಡೇಲ, ಬೈಂದೂರಿನ ದುರ್ಗ ಖಾರ್ವಿ,
ಹುಟ್ಟು ಎತ್ತಿದ. ಎತ್ತಿದ್ದಷ್ಟೇ.
ಉಳಿದವರ ಅಂಗೈ ನೋಡುತ್ತ ಬಂದ ಶಾಹೀನ,
ನನ್ನ ಜಡ್ಡುಗಳ ಮೇಲೆ ಹೆಬ್ಬೆರಳು ಆಡಿಸಿ
ಇವನು ಬೇಕು ಅಂದ.
ಬೇಡವಾದವರು ಹದಿನಾಲ್ಕು ಮಂದಿ.

ಅವನ ಹಡಗಿನ ತೂತು ಮುಚ್ಚಿದವನು ನಾನು.
ಅದನ್ನೂ ಬರೆದುಕೊಳ್ಳಿ, ಕಲಮು ಇದ್ದರೆ.

ಒಂದು ರಾತ್ರಿ, ಗಾಳಿ ಬಿದ್ದು ಹಾಯಿ ಜೋತಾಗ, ಕೇಳಿದ:
'ಮತರ್ ಅಂದರೆ ಮಳೆ. ನನ್ನಪ್ಪನ ಹೆಸರು.
ಬದುಕಿನಲ್ಲಿ ಎಣಿಸಿ ಆರು ಸಲ ನೋಡಿದ್ದೇನೆ.
ನಿಮ್ಮಲ್ಲಿ ಎಷ್ಟು?'
ಎಣಿಸುವುದಿಲ್ಲ, ಹೆಸರಿಟ್ಟು ಕರೆಯುತ್ತೇವೆ ಅಂದೆ:
ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ.
ಎದುರಿನ ಗುಡ್ಡ ವಾರಗಟ್ಟಲೆ ಕಾಣುವುದಿಲ್ಲ,
ಉಪ್ಪು ಮಡಕೆಯಲ್ಲೇ ಅಳುತ್ತದೆ ಅಂದೆ.
ಸುಳ್ಳು ಎಂದು ಕೆನ್ನೆಗೆ ಬಿಗಿದ.
ಆಮೇಲೆ, ಇನ್ನೊಮ್ಮೆ ಹೇಳು ಅಂದ.

ಕೊನೆಗೆ ಒಂದು ಅಳಿವೆಯಲ್ಲಿ ಸಿಕ್ಕಿಬಿದ್ದೆವು.
ಹೊರಗೆ ಐದು ಹಡಗು, ಒಳಗೆ ಒಂದೇ ಮಡಕೆ ನೀರು.
ಅದನ್ನು ತಾನೇ ಕುಡಿದ. ನಮಗೆ ಕೇಳುವಂತೆ.
ಆಮೇಲೆ ಕಣ್ಣು ಕಿತ್ತು ನನ್ನ ಕೈಗಿಟ್ಟ:
'ಇದನ್ನು ಇದರ ಊರಿಗೆ ಮುಟ್ಟಿಸು.
ನೀನು ಹೇಳಿದ್ದು ಸುಳ್ಳಾಗಿದ್ದರೆ ಇದಕ್ಕೆ ತಿಳಿಯುತ್ತದೆ.'
ಬೆಳಗಾಗುವ ಮೊದಲು ಅವನ ಹುಡುಗರೇ
ಮಡಕೆಯ ಲೆಕ್ಕ ಚುಕ್ತಾ ಮಾಡಿದರು.

ಕುಂದಾಪುರದ ಮರಳಲ್ಲಿ ಇಳಿದಾಗ
ಜಜ್ಜಿಬಿಡೋಣವೆಂದು ಕಲ್ಲು ಎತ್ತಿದ್ದೆ,
ಹದಿನಾಲ್ಕು ಮಂದಿಯ ಹೆಸರು ಹೇಳುತ್ತ.
ಒಂಬತ್ತಕ್ಕೆ ಹೆಸರು ಮರೆತುಹೋಯಿತು.
ಮತ್ತೆ, ನೋಡಿ,
ಕೆಲಸ ಚೆನ್ನಾಗಿ ಬಂದಿದೆ.

ಮೆಣಸಿಗೆ ಹೇರಿಗಿಷ್ಟು, ಕುದುರೆಗೆ ಇಷ್ಟು,
ನಿಮ್ಮ ಕಡತದಲ್ಲಿ ಕಣ್ಣಿಗೆ ದರವಿಲ್ಲ, ಬಲ್ಲೆ.
ಹುಡುಕಿ, ಅವಸರವಿಲ್ಲ.
ಅಷ್ಟರಲ್ಲಿ ಇದನ್ನು ಹೊರಗೆ ಕಟ್ಟೆಯ ಮೇಲಿಡುತ್ತೇನೆ,
ಮೇಲ್ಮುಖವಾಗಿ.
ಮಾಸ್ತಿಕಟ್ಟೆಯ ಕಡೆ ಕಪ್ಪಾಗಿದೆ.