ನಲವತ್ತೊಂದನೇ ಬಾಬ್ತು

ಬಾಗಲಕೋಟೆ, ನವನಗರ. ನಗರಸಭೆಯ ಮೇಜಿನ ಮೇಲೆ
ಎಂಟು ಕಂಪನಿಗಳ ಎಂಟು ಕ್ಯಾಮೆರಾ,
ಕನ್ಯಾ ನೋಡಲು ಬಂದವರ ಹಾಗೆ
ಮಾರಿ ತೊಳೆದುಕೊಂಡು ಕೂತಿವೆ.
ಹುಬ್ಬಳ್ಳಿಯ ಪೋರವಾಲ ಅನ್ನುತ್ತಾನೆ:
ಕತ್ತಲಲ್ಲಿ ಐವತ್ತು ಮೀಟರು ಮೇಡಂ, ಗ್ಯಾರಂಟಿ.
ಯಾವ ಕತ್ತಲು? ಕೇಳುತ್ತೇನೆ.
ಈ ಎಸಿ ಕೋಣೆಯದೋ,
ಹಿನ್ನೀರಿನ ದಂಡೆಯದೋ?

ಆ ರಾತ್ರಿ
ಹಳೇ ಊರಿನ ಕಡೆ, ರಸ್ತೆ ನೀರಿಗಿಳಿಯುವಲ್ಲಿ
ಬಿದಿರ ಗಳಕ್ಕೆ ಎಂಟನ್ನೂ ಬಿಗಿದೆವು.
ಕೇಬಲ್ ಎಳೆಯುವ ದಸ್ತಗೀರ ನದಾಫನಿಗೆ ಹೇಳಿದೆ:
ನಡಿಯಪಾ, ಹತ್ತು ಹೆಜ್ಜಿಗೊಮ್ಮೆ ನಿಂದರು,
ಇತ್ತ ಮಾರಿ ಮಾಡು.
ಸುಣ್ಣದಲ್ಲಿ ನಂಬರು ಬರೆದ ಹಲಗೆ ಎದೆಗೆ ಹಿಡಿದು
ಅವನು ನಡೆದ. ನಾಯಿಯೊಂದು ಜೊತೆಗೆ ನಡೆಯಿತು.

ಒಂದರಲ್ಲಿ ಅವನು ಹಿಟ್ಟಿನ ಮುದ್ದೆ.
ಒಂದರಲ್ಲಿ ಬರೀ ಅಂಗಿ ನಡೆಯುತ್ತಿದೆ.
ಎಲ್ಲಕ್ಕಿಂತ ತುಟ್ಟಿಯದರಲ್ಲಿ
ಹಲಗೆಯ ಅಂಕಿ ಸ್ವಚ್ಛ,
ಮುಖವಿರಬೇಕಾದಲ್ಲಿ ಬೆಳಕಿನ ತೂತು.
ಆರನೆಯದು ಹೆಸರಿಲ್ಲದ ಕಂಪನಿಯದು;
ಅದರಲ್ಲಿ ಗದ್ದದ ಗಾಯದ ಗೆರೆಯೂ ಇತ್ತು.
ದಸ್ತಗೀರ ಬಗ್ಗಿ ನೋಡಿದ:
‘ಇದು ಬ್ಯಾಡ್ರಿ ಮೇಡಂ, ಭಾಳ ಖರೇ ತೋರಸ್ತದ.’
ಅದಕ್ಕೇ ಗುರುತು ಹಾಕಿದೆ.

ಆಮೇಲೆ ಲೆಕ್ಕ.
ನೂರಾ ಎಂಬತ್ತಾರು ಕಣ್ಣು,
ಸೆಕೆಂಡಿಗೆ ನಾಲ್ಕು ಮೆಗಾಬಿಟ್ಟು, ಮೂವತ್ತು ದಿನ:
ಇನ್ನೂರ ನಲವತ್ತೊಂದು ಟೆರಾಬೈಟು.
ನೂರು ಮೀಟರಿನಾಚೆ ತಾಮ್ರದ ತಂತಿಗೆ ಉಸಿರು ಸಾಲದು,
ಅಲ್ಲಿಂದ ಗಾಜಿನ ಎಳೆ.
ಏಪ್ರಿಲ್ ಬಿಸಿಲಿಗೆ ತಗಡಿನ ಡಬ್ಬಿಯೊಳಗೆ ಸ್ವಿಚ್ಚು
ಹುರಿದ ಶೇಂಗಾ ಆಗದಂತೆ
ಎಪ್ಪತ್ತು ಡಿಗ್ರಿ ತಾಳುವಂಥದ್ದು.
ಸಾಹೇಬರು ಕೇಳಿದರು: ಹದಿನೈದು ದಿನ ಇಟ್ಟರೆ ಸಾಲದೇನು?
ರೊಕ್ಕ ಅರ್ಧ ಉಳೀತದ.
ಆದದ್ದನ್ನು ಬಾಯಿಬಿಟ್ಟು ಹೇಳಲು
ಒಬ್ಬ ಹುಡುಗಿಗೆ ಎಷ್ಟು ದಿನ ಬೇಕಾದೀತು?
ಕೇಳಲಿಲ್ಲ.
ಮೂವತ್ತು ಅಂತಲೇ ಬರೆದೆ, ಅಂಕಿಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ.
ಮೂವತ್ತೊಂದನೇ ದಿನ ಅಳಿಸಿಹೋಗಲಿ ಅಂತಲೂ ಬರೆದೆ.
ಯಾರು ಯಾರ ಗಾಡಿ ಹತ್ತಿದರು ಅನ್ನುವುದನ್ನು
ಊರು ಮರೆಯಬೇಕಲ್ಲ, ಯಾವಾಗಲಾದರೂ.

ಪೋರವಾಲನ ಸಾಫ್ಟ್‌ವೇರು ಯಾವುದೋ ಹಳೇ ನಕಾಶೆ ನುಂಗಿ
ನೀರಿನೊಳಗೆ ಮೂರು ಕಂಬ ನೆಟ್ಟಿತ್ತು.
ಅಳಿಸುತ್ತಿದ್ದೆ. ದಸ್ತಗೀರ ಬೆರಳಿಟ್ಟ:
‘ಈ ನಡುವಿಂದು ಐತಲ್ರಿ,
ಇಲ್ಲೇ ನಮ್ಮಪ್ಪನ ಗಾದಿ ಅಂಗಡಿ.
ಅರಳಿ ಹಿಂಜೂ ಸಪ್ಪಳ ಮಸೂತಿತನ ಕೇಳತಿತ್ತು.’
ಪರದೆಯಲ್ಲಿ ನೀಲಿ ಬಣ್ಣ.
ಒಂದು ಗಳಿಗೆ ಸುಮ್ಮನಿದ್ದು
ಆ ಕಂಬವನ್ನು ಕೊನೆಗೆ ಅಳಿಸಿದೆ.

ನಲವತ್ತು ಬಾಬ್ತು ಮುಗಿದಿದ್ದವು.
ಪೆನ್ನಿನ ಟೋಪಿ ಹಾಕುವಾಗ ಅವನು ಕೇಳಿದ್ದು:
‘ಇಷ್ಟು ಕಣ್ಣ ಕೊಂಡ್ರಿ. ಕಣ್ಣ ಒರಸಾಂವ ಯಾರ್ರಿ?’
ಸಿಮೆಂಟ್ ಫ್ಯಾಕ್ಟರಿಯ ಧೂಳು,
ರಾತ್ರಿಯ ಕೆಂಪು ಬೆಳಕಿಗೆ ಮುತ್ತುವ ಹುಳ,
ಹುಳಕ್ಕಾಗಿ ಬರುವ ಜೇಡ,
ಗಾಜಿನ ತುಂಬ ಅದರ ಸಂಸಾರ.
ಬರೆದೆ: ನಲವತ್ತೊಂದು. ಏಣಿ ಒಂದು,
ಹತ್ತಿಬಟ್ಟೆ ವರ್ಷಕ್ಕೆ ಇನ್ನೂರು, ಆಳು ಇಬ್ಬರು,
ಹದಿನೈದು ದಿನಕ್ಕೊಮ್ಮೆ.

ಸಭೆಯಲ್ಲಿ ಕೋಟಿಗಳು ಕೆಮ್ಮಿಲ್ಲದೆ ದಾಟಿದವು.
ಬಟ್ಟೆಯ ಮೇಲೆ ನಲವತ್ತು ನಿಮಿಷ ಚರ್ಚೆ.
ಇನ್ನೂರ್ಯಾಕ್ರಿ? ಒಗದು ಮತ್ತ ಬಳಸಾಕ ಬರೂದಿಲ್ಲೇನು?
ಆಳು ಪಾಸಾದರು. ಏಣಿ ಪಾಸಾಯಿತು.
ಬಟ್ಟೆ ಮುಂದಿನ ಸಭೆಗೆ.

ಈಗ ಕಂಟ್ರೋಲ್ ರೂಮಿನಲ್ಲಿ ಕೂತಿದ್ದೇನೆ.
ನೂರಾ ಹದಿನೇಳನೇ ಚೌಕ, ಹಿನ್ನೀರ ರಸ್ತೆ,
ಮಂಜು ಕವಿದಂತೆ ಮಸುಕು.
ಕೆಳಗಿನಿಂದ ಏಣಿಯ ತುದಿ, ಆಮೇಲೆ ತಲೆ,
ಆಮೇಲೆ ಗದ್ದದ ಗೆರೆ.
ಹೆಗಲ ಮೇಲಿನ ಲುಂಗಿಯ ತುಂಡನ್ನು ಅವನು ಕೊಡವುತ್ತಾನೆ.
ಚೌಕದ ತುಂಬ
ನೀಲಿ ಗೆರೆ, ಬಿಳಿ ಗೆರೆ,
ಎಳೆ ಎಳೆಯಾಗಿ ನೇಯ್ಗೆ.